ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಸರ್ವಿಸ್ ಸರಿ ಇಲ್ಲದಿದ್ದರೆ: ದಾವಣಗೆರೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಣ್ಣೆ ದೋಸೆ ಹೋಟೆಲ್‌ನಲ್ಲಿ ನಾವ್ಯಾರೂ ಬಾಯಿ ಮುಚ್ಚಿಕೊಂಡು ತಿನ್ನುವವರಲ್ಲ. "ಅಣ್ಣಾ, ಪಲ್ಯ ಸ್ವಲ್ಪ ಹಾಕ್ರಿ", "ಇದು ಸೀದು ಹೋಗೈತಿ, ಬೇರೆ ಕೊಡ್ರಿ" ಅಂತ ಸಲೀಸಾಗಿ ಹೇಳುತ್ತೇವೆ. ಅವರೂ ಬೇಜಾರು ಮಾಡಿಕೊಳ್ಳದೆ ಬೇರೆ ತಂದು ಕೊಡುತ್ತಾರೆ. ಅದೇ ನಾವು ಗಾಜಿನ ಬಾಗಿಲು, ಎಸಿ, ಇಂಗ್ಲಿಷ್ ಮೆನು ಇರುವ ಸ್ಯಾಂಡ್‌ವಿಚ್ ಅಂಗಡಿಗೆ ಕಾಲಿಟ್ಟರೆ ದನಿಯೇ ಇಳಿದುಹೋಗುತ್ತದೆ. ದೋಸೆಗಿಂತ ಎಷ್ಟೋ ಜಾಸ್ತಿ ದುಡ್ಡು ಕೊಟ್ಟು, ಕೇಳಿದ್ದು ಒಂದು ಬಂದದ್ದು ಇನ್ನೊಂದು ಆದರೂ ತಿಂದು ಎದ್ದು ಬರುತ್ತೇವೆ. ಬೈಕ್ ಸ್ಟಾರ್ಟ್ ಮಾಡುವಾಗ ಬೈದುಕೊಳ್ಳುತ್ತೇವೆ.

ಈ ಸಂಕೋಚ ಹೋಗಬೇಕು ಅಂತ ನನಗೆ ತುಂಬಾ ದಿನದಿಂದ ಅನಿಸುತ್ತಿದೆ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್, ಪಿ.ಜೆ. ಬಡಾವಣೆ ಕಡೆಯ ಪರಿಚಯದವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಯಾವ ಅಂಗಡಿಯ ಹೆಸರನ್ನೂ ಬರೆದಿಲ್ಲ. ಯಾವ ಅಂಗಡಿಗಾದರೂ ಈ ಉತ್ತರಗಳು ಹೊಂದುತ್ತವೆ.

ಸರ್ವಿಸ್ ಸರಿ ಇಲ್ಲ ಅಂತ ಯಾವುದಕ್ಕೆ ಹೇಳಬಹುದು? ರುಚಿ ಹಿಡಿಸದಿದ್ದರೂ ದೂರು ಕೊಡಬಹುದಾ?

ರುಚಿ ಹಿಡಿಸಲಿಲ್ಲ ಅನ್ನುವುದು ದೂರಲ್ಲ. ಸಾಸ್ ಹುಳಿ ಅನಿಸಿತು, ಬ್ರೆಡ್ ದಪ್ಪ ಅನಿಸಿತು ಅಂದರೆ ಮುಂದಿನ ಸಲ ಬೇರೆ ತಗೊಳ್ಳಿ, ಅಷ್ಟೇ.

ಕೇಳಿದ್ದನ್ನು ಬಿಟ್ಟು ಬೇರೆ ಕೊಡುವುದು, ಬೋರ್ಡ್‌ನಲ್ಲಿ ಒಂದು ರೇಟು ಬಿಲ್‌ನಲ್ಲಿ ಇನ್ನೊಂದು ರೇಟು ಹಾಕುವುದು, ಬಿಲ್ ಕೊಡದಿರುವುದು, ಹಳಸಿದ್ದನ್ನು ಕೊಡುವುದು, ಸಸ್ಯಾಹಾರ ಅಂತ ಹೇಳಿ ಮಾಂಸ ತಾಗಿಸಿ ಕೊಡುವುದು, ಕೇಳಿದ್ದಕ್ಕೆ ಎಗರಾಡುವುದು, ಇವೆಲ್ಲ ದೂರಿಗೆ ಬರುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಂದು ಜಾರಿಗೆ ಬಂತು. ಅದಕ್ಕೂ ಮೊದಲು 1986ರ ಕಾಯ್ದೆ ಇತ್ತು. ದುಡ್ಡು ತಗೊಂಡು ಕೊಟ್ಟ ಸೇವೆಯಲ್ಲಿ ಕೊರತೆ ಇದ್ದರೆ ಕೇಳುವ ಹಕ್ಕು ಎರಡರಲ್ಲೂ ಇದೆ. 30 ರೂಪಾಯಿ ಮಂಡಕ್ಕಿಗೂ ಅದೇ ಕಾಯ್ದೆ, 300 ರೂಪಾಯಿ ಸ್ಯಾಂಡ್‌ವಿಚ್‌ಗೂ ಅದೇ.

ಆರ್ಡರ್ ತಪ್ಪಾಗಿದೆ. ಮೊದಲು ಏನು ಮಾಡಬೇಕು?

ತಿನ್ನುವುದನ್ನು ನಿಲ್ಲಿಸಿ. ಅರ್ಧ ತಿಂದ ಮೇಲೆ ಹೋಗಿ ಕೇಳಿದರೆ ಮಾತಿಗೆ ತೂಕ ಬರುವುದಿಲ್ಲ. ಮೊದಲ ತುತ್ತಿಗೇ ಗೊತ್ತಾಯಿತಾ, ಕಾಗದದ ಸಮೇತ ಕೌಂಟರ್‌ಗೆ ತೆಗೆದುಕೊಂಡು ಹೋಗಿ, ಬಿಲ್ ಪಕ್ಕದಲ್ಲಿ ಇಡಿ. "ನಾನು ಪನೀರ್ ಹೇಳಿದ್ದೆ, ಬಿಲ್‌ನಲ್ಲೂ ಪನೀರ್ ಇದೆ, ಇದರಲ್ಲಿ ಆಲೂ ಇದೆ. ಬೇರೆ ಮಾಡಿಕೊಡಿ" ಅನ್ನಿ. ಇಷ್ಟು ಹೇಳಿದರೆ ಸಾಕು. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಏನು ಬೇಕು ಅಂತ ಸ್ಪಷ್ಟವಾಗಿ ಹೇಳುವುದು ಮುಖ್ಯ. "ಏನ್ರಿ ಇದು ಹಿಂಗೆ ಕೊಟ್ಟೀರಿ" ಅಂದರೆ ಎದುರಿನವರಿಗೆ ಬೈಗುಳ ಮಾತ್ರ ಕೇಳಿಸುತ್ತದೆ, ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಬೇರೆ ಮಾಡಿಕೊಡಬೇಕಾ, ದುಡ್ಡು ವಾಪಸ್ ಬೇಕಾ, ಬಿಲ್ ತಿದ್ದಬೇಕಾ, ಒಂದನ್ನು ಹೇಳಿ.

ಆಗಲ್ಲ ಅಂದರೆ ಮ್ಯಾನೇಜರ್ ಯಾರು ಅಂತ ಕೇಳಿ. ಸಂಜೆ ಹೊತ್ತು ಅವರು ಅಂಗಡಿಯಲ್ಲಿ ಇಲ್ಲದೇ ಇರಬಹುದು. ಫೋನ್ ಮಾಡಿಸಿ. ಅದೂ ಆಗದಿದ್ದರೆ ಬಿಲ್‌ನದ್ದೂ ಸ್ಯಾಂಡ್‌ವಿಚ್‌ನದ್ದೂ ಒಂದೇ ಫೋಟೊದಲ್ಲಿ ಬರುವ ಹಾಗೆ ತೆಗೆದುಕೊಂಡು ಹೊರಡಿ. ಆ ಒಂದು ಫೋಟೊ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಯಾವ ಬ್ರೆಡ್, ಯಾವ ಸಾಸ್ ಅಂತ ಪಟಪಟ ಕೇಳುತ್ತಾರೆ. ಅರ್ಥವೇ ಆಗಲ್ಲ. ಇದು ನಮ್ಮ ತಪ್ಪಾ?

ಖಂಡಿತ ಅಲ್ಲ. ಈ ಪ್ರಶ್ನೆ ಕೇಳುವಾಗ ಜನ ನಾಚಿಕೊಳ್ಳುತ್ತಾರೆ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕಾಲೇಜು ಕಡೆಯ ಒಂದು ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ನಿಂತಿದ್ದರು. ಗಾಜಿನ ಆಚೆಯ ಹುಡುಗ ಕತ್ತೆತ್ತದೆ ಕೇಳಿದ: "ಮೇಡಂ, ಸಿಕ್ಸ್ ಇಂಚಾ ಟ್ವೆಲ್ವ್ ಇಂಚಾ? ಬ್ರೆಡ್ ಯಾವುದು? ಮಲ್ಟಿಗ್ರೇನಾ, ಪ್ಲೇನಾ?" ಅಜ್ಜಿ, "ಮೆತ್ತಗಿರೋದು ಕೊಡಪ್ಪಾ, ಹುಡುಗ ತಿಂತಾನೆ" ಅಂದರು. "ಬೇಗ ಹೇಳಿ ಮೇಡಂ, ಹಿಂದೆ ಲೈನ್ ಇದೆ." ತರಕಾರಿ ಡಬ್ಬಿಗಳ ಹತ್ತಿರ ಬಂದಾಗ "ಎಲ್ಲಾ ಹಾಕ್ಲಾ?" ಅಂದ. ಅಜ್ಜಿ "ಹೂಂ" ಅಂದರು. ಎಲ್ಲದರ ಜೊತೆ ಹಾಲಪಿನೊ ಮೆಣಸಿನಕಾಯಿ ಚೂರುಗಳೂ ಬಿದ್ದವು. ಎರಡು ತುತ್ತಿಗೆ ಮಗುವಿನ ಕಣ್ಣಲ್ಲಿ ನೀರು. ಅಜ್ಜಿ ಒಂದೊಂದೇ ಚೂರು ಹೆಕ್ಕಿ ತೆಗೆದು ಕಾಗದದ ಅಂಚಿನಲ್ಲಿ ಇಡುತ್ತಾ ಕೂತರು. ಕೌಂಟರ್‌ಗೆ ಹೋಗಿ ಕೇಳಬಹುದು ಅಂತ ಅವರಿಗೆ ಹೊಳೆಯಲೇ ಇಲ್ಲ.

ಅಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಆದರೂ ಅದು ಕೆಟ್ಟ ಸರ್ವಿಸ್ಸೇ. "ಖಾರ ಇರುತ್ತೆ ಅಜ್ಜಿ, ಮಗುವಿಗೆ ಬೇಡ" ಅನ್ನುವುದಕ್ಕೆ ಎರಡು ಸೆಕೆಂಡ್ ಸಾಕಿತ್ತು.

ಗೊತ್ತಿಲ್ಲದಿದ್ದರೆ ಇಷ್ಟು ನೆನಪಿಟ್ಟುಕೊಳ್ಳಿ. 6 ಇಂಚು ಅಂದರೆ ಒಬ್ಬರಿಗೆ, 12 ಇಂಚು ಅಂದರೆ ಅದರ ಎರಡರಷ್ಟು. ಬ್ರೆಡ್, ಒಳಗಿನ ಪಲ್ಯ, ಬಿಸಿ ಮಾಡಬೇಕಾ ಬೇಡವಾ, ತರಕಾರಿ, ಸಾಸ್, ಈ ಕ್ರಮದಲ್ಲಿ ಕೇಳುತ್ತಾ ಹೋಗುತ್ತಾರೆ. "ಎಲ್ಲಾ" ಅನ್ನಬೇಡಿ, ಗಾಜಿನ ಮೇಲಿಂದ ಬೆರಳು ತೋರಿಸಿ ಒಂದೊಂದೇ ಹೇಳಿ. ಚೀಸ್ ಹಾಕಲಾ ಅಂತ ಕೇಳಿದರೆ "ಅದಕ್ಕೆ ದುಡ್ಡು ಬೇರೆನಾ?" ಅಂತ ಕೇಳಿ ಆಮೇಲೆ ಹೂಂ ಅನ್ನಿ. ಹಿಂದೆ ಲೈನ್ ಇದ್ದರೆ ಇರಲಿ. ನಿಮ್ಮ ಸರದಿ ಬರುವ ತನಕ ನೀವೂ ಕಾದಿದ್ದೀರಿ, ಅಲ್ವಾ?

ಸಿಬ್ಬಂದಿ ಕನ್ನಡದಲ್ಲಿ ಮಾತಾಡಲ್ಲ. ಮೆನು ಪೂರ್ತಿ ಇಂಗ್ಲಿಷ್. ಏನು ಮಾಡೋದು?

ನೀವು ಕನ್ನಡದಲ್ಲೇ ಮಾತಾಡಿ. ಹೊರಗಿನಿಂದ ಬಂದ ಹುಡುಗರಿಗೂ ಈರುಳ್ಳಿ, ಖಾರ, ಬೇಡ, ಸಾಕು ಅನ್ನುವಷ್ಟು ಕನ್ನಡ ಬೇಗ ಬರುತ್ತದೆ, ನಾವು ಆಡಿದರೆ. ಹೊರಗಿನ ಬೋರ್ಡ್ ವಿಷಯಕ್ಕೆ ಕಾನೂನೇ ಇದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿ ಆದ ಮೇಲೆ ಅಂಗಡಿಗಳ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೆನುವಿಗೆ ಆ ಲೆಕ್ಕ ಹೇಳಿಲ್ಲ. ಆದರೆ ದಾವಣಗೆರೆಯಲ್ಲಿ ವ್ಯಾಪಾರ ಮಾಡುವವರು ಕನ್ನಡದ ಒಂದು ಮೆನು ಕಾರ್ಡ್ ಇಟ್ಟರೆ ವ್ಯಾಪಾರವೇ ಜಾಸ್ತಿ ಆಗುತ್ತದೆ. ಇದನ್ನು ಮಾಲೀಕರಿಗೇ ಹೇಳಿ. ನಾನು ಹೋದಲ್ಲೆಲ್ಲ ಹೇಳುತ್ತೇನೆ.

ನಾವು ಎದುರಿಗೆ ನಿಂತಿದ್ದರೂ ಡೆಲಿವರಿ ಹುಡುಗರ ಆರ್ಡರ್ ಮೊದಲು ಮಾಡುತ್ತಾರೆ. ಇದು ಸರಿನಾ?

ಸರಿ ಅಲ್ಲ. ಯಾಕೆ ಹೀಗಾಗುತ್ತದೆ ಅಂದರೆ, ಆಪ್‌ನಲ್ಲಿ ಬಂದ ಆರ್ಡರ್‌ಗೆ ಗಡಿಯಾರ ಓಡುತ್ತಿರುತ್ತದೆ. ತಡವಾದರೆ ಅಂಗಡಿಯ ರೇಟಿಂಗ್‌ಗೆ ಪೆಟ್ಟು. ಎದುರಿಗೆ ನಿಂತ ನಮ್ಮ ಹೊತ್ತನ್ನು ಯಾವ ಪರದೆಯೂ ಎಣಿಸುವುದಿಲ್ಲ. ಹಾಗಾಗಿ ಒತ್ತಡ ಬಂದಾಗ ನಮ್ಮನ್ನೇ ಹಿಂದಕ್ಕೆ ತಳ್ಳುತ್ತಾರೆ.

"ಇನ್ನೂ ಎಷ್ಟು ಹೊತ್ತು? ನನ್ನ ಮುಂದೆ ಎಷ್ಟು ಆರ್ಡರ್ ಇವೆ?" ಅಂತ ಕೇಳಿ. ಹದಿನೈದು ನಿಮಿಷ ಅಂದರೆ ಕಾಯುವುದೋ ಬಿಡುವುದೋ ಅಂತ ನೀವೇ ತೀರ್ಮಾನ ಮಾಡಬಹುದು. ದುಡ್ಡು ಕೊಡುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು. ಮೂಲೆಯಲ್ಲಿ ಹೆಲ್ಮೆಟ್ ಹಿಡಿದು ನಿಂತ ಡೆಲಿವರಿ ಹುಡುಗನ ಮೇಲೆ ಮಾತ್ರ ಸಿಟ್ಟು ತೋರಿಸಬೇಡಿ. ಅವನೂ ನಿಮ್ಮ ಹಾಗೆ ಕಾಯುತ್ತಿದ್ದಾನೆ.

ಗ್ಲೌಸ್ ಹಾಕಿಕೊಂಡಿರುತ್ತಾರೆ, ಆದರೆ ಅದೇ ಕೈಯಲ್ಲಿ ದುಡ್ಡು ಮುಟ್ಟುತ್ತಾರೆ. ಹೇಳಿದರೆ ಬೇಜಾರಾಗುತ್ತಾರಾ?

ಬೇಜಾರಾದರೂ ಹೇಳಿ. ಒಮ್ಮೆ ನಿಂತು ಆ ಕೈಯನ್ನೇ ಗಮನಿಸಿ. ಬ್ರೆಡ್ ಕೊಯ್ಯುತ್ತದೆ. ನೋಟು ಎಣಿಸುತ್ತದೆ. ಡ್ರಾಯರ್ ಎಳೆಯುತ್ತದೆ. ಟ್ಯಾಬ್ ಒತ್ತುತ್ತದೆ. ಜೇಬಿನ ಫೋನ್ ತೆಗೆದು ನೋಡಿ ಇಡುತ್ತದೆ. ಆಮೇಲೆ ಸೌತೆಕಾಯಿ ಬಿಲ್ಲೆಗಳನ್ನು ಸಾಲಾಗಿ ಜೋಡಿಸುತ್ತದೆ. ಅಷ್ಟೆಲ್ಲ ಮುಟ್ಟಿದ ಗ್ಲೌಸ್‌ಗಿಂತ ಆಗಷ್ಟೇ ಸೋಪು ಹಾಕಿ ತೊಳೆದ ಬರಿಗೈ ಎಷ್ಟೋ ವಾಸಿ.

"ಅಣ್ಣಾ, ಗ್ಲೌಸ್ ಚೇಂಜ್ ಮಾಡಿ ಮಾಡ್ರಿ" ಅಂತ ಮೆತ್ತಗೆ ಹೇಳಿದರೆ ಸಾಮಾನ್ಯವಾಗಿ ಬದಲಿಸುತ್ತಾರೆ. ಸ್ಯಾಂಡ್‌ವಿಚ್ ವಿಷಯದಲ್ಲಿ ಇದನ್ನು ಬಿಡಬಾರದು. ದೋಸೆ ಕಾವಲಿಯ ಮೇಲೆ ಬೇಯುತ್ತದೆ, ಬಿಸಿಯಾಗಿ ತಟ್ಟೆಗೆ ಬರುತ್ತದೆ. ಇಲ್ಲಿ ತರಕಾರಿ ಹಸಿ, ಸಾಸ್ ತಣ್ಣಗಿನದು, ಬ್ರೆಡ್ ಮಾತ್ರ ಸ್ವಲ್ಪ ಬಿಸಿ. ಕೈಯಿಂದ ಬಂದ ಕೊಳೆಯನ್ನು ಸುಡುವ ಬೆಂಕಿ ಇಲ್ಲಿ ಇಲ್ಲ. ತಣ್ಣಗಿಡಬೇಕಾದದ್ದನ್ನು 5 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು ಅನ್ನುವುದು ಆಹಾರ ಸುರಕ್ಷತೆಯ ಮೂಲ ಪಾಠ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಕರೆಂಟ್ ಹೋದಾಗ ಮುಚ್ಚಳ ತೆಗೆದಿಟ್ಟ ಡಬ್ಬಿಗಳ ಗತಿ ಏನಾಗುತ್ತದೆ ಅಂತ ಯೋಚನೆ ಮಾಡಿ. ಮೇಯನೇಸ್ ಹುಳಿ ವಾಸನೆ ಬಂದರೆ, ಎಲೆಕೋಸು ಲೋಳೆಯಾಗಿದ್ದರೆ ಮುಲಾಜಿಲ್ಲದೆ ಬೇಡ ಅನ್ನಿ.

ನಾವು ಶುದ್ಧ ಸಸ್ಯಾಹಾರಿಗಳು. ಒಂದೇ ಚಾಕು, ಒಂದೇ ಹಲಗೆ ಬಳಸಿದರೆ?

ನಮ್ಮ ಊರಲ್ಲಿ ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಮನೆಗಳಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಂಥವರು ಮಗಳ ಹುಟ್ಟುಹಬ್ಬ ಅಂತ ಬಂದು, ಚಿಕನ್ ಕೊಯ್ದ ಚಾಕುವಿನಲ್ಲೇ ತಮ್ಮ ಬ್ರೆಡ್ ಕೊಯ್ಯುವುದನ್ನು ನೋಡಿ ಎದ್ದು ಹೋದದ್ದನ್ನು ಕಂಡಿದ್ದೇನೆ. ಅದು ದುಡ್ಡಿನ ನಷ್ಟ ಮಾತ್ರ ಅಲ್ಲ, ಮನಸ್ಸಿಗೆ ಆದ ನೋವು.

ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಸಸ್ಯಾಹಾರ, ಮಾಂಸಾಹಾರ ಎರಡನ್ನೂ ಬೇರೆ ಬೇರೆ ಇಡಬೇಕು. ಆರ್ಡರ್ ಶುರು ಮಾಡುವಾಗಲೇ "ವೆಜ್, ಚಾಕು ಗ್ಲೌಸ್ ಬದಲಿಸಿ" ಅಂತ ಹೇಳಿ. ಕೊಯ್ದ ಮೇಲೆ ಹೇಳಿದರೆ ಜಗಳಕ್ಕೆ ದಾರಿ. ಬಿಸಿ ಮಾಡುವ ಓವನ್‌ನಲ್ಲಿ ಯಾವ ಹಾಳೆಯ ಮೇಲೆ ಇಡುತ್ತಾರೆ ಅಂತಲೂ ನೋಡಿ. ಮೇಯನೇಸ್‌ನಲ್ಲಿ ಮೊಟ್ಟೆ ಇದೆಯಾ ಅಂತ ಕೇಳಿ. ಗೊತ್ತಿಲ್ಲ ಅಂದರೆ ಡಬ್ಬಿ ತೋರಿಸಲು ಹೇಳಿ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಮಾಂಸಾಹಾರ, ಮೊಟ್ಟೆ ಹಾಕಿದ್ದಕ್ಕೂ ಅದೇ ಗುರುತು.

ಶೇಂಗಾ, ಹಾಲು, ಗೋಧಿ ಇಂಥದ್ದು ಮೈಗೆ ಆಗದವರೂ ಹೀಗೇ ಕೇಳಬೇಕು. 10 ಅಥವಾ ಅದಕ್ಕಿಂತ ಜಾಸ್ತಿ ಕಡೆ ಶಾಖೆ ಇರುವ ಸಂಸ್ಥೆಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕು, ಅಲರ್ಜಿ ತರುವ ಪದಾರ್ಥಗಳ ಮಾಹಿತಿಯನ್ನೂ ಕೊಡಬೇಕು.

ಬಿಲ್ ಕೇಳಿದರೆ "ಪ್ರಿಂಟರ್ ಕೆಟ್ಟಿದೆ" ಅನ್ನುತ್ತಾರೆ.

ಕೈಯಲ್ಲಿ ಬರೆದುಕೊಡಲಿ. ಬಿಲ್ ಕೊಡದಿರುವುದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ 2019ರ ಕಾಯ್ದೆಯಲ್ಲೇ ಸೇರಿಸಿದ್ದಾರೆ. ಬಿಲ್ ಇಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಕಷ್ಟ. ಹಾಗಾಗಿ ತಿನ್ನುವ ಮೊದಲೇ ಇಸ್ಕೊಳ್ಳಿ. ಕೊಡಲೇ ಇಲ್ಲ ಅಂದರೆ ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಆದರೂ ಇರಲಿ.

ಬಿಲ್‌ನಲ್ಲಿ ಏನು ನೋಡಬೇಕು? ಜಿಎಸ್‌ಟಿ ಎಷ್ಟು?

ಇಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಶೇ. 5. ಅದರಲ್ಲಿ ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. 240 ರೂಪಾಯಿ ತಿಂಡಿಗೆ 6 ರೂಪಾಯಿ ಇನ್ನೊಂದು 6 ರೂಪಾಯಿ ಸೇರಿ 252 ಆಗಬೇಕು. ಅದಕ್ಕಿಂತ ಜಾಸ್ತಿ ಬಂದಿದ್ದರೆ ಒಂದೊಂದೇ ಸಾಲು ಓದಿ. ಕೇಳದ ಚೀಸ್, ಕೇಳದ ಕೂಲ್‌ಡ್ರಿಂಕ್, "ಮೀಲ್" ಅಂತ ಮಾಡಿಟ್ಟ ಕಾಂಬೊ, ಪ್ಯಾಕಿಂಗ್ ದುಡ್ಡು, ಇವು ಅಲ್ಲಿ ಸೇರಿರುತ್ತವೆ.

ಬಿಲ್ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ನಂಬರ್ ಇರುತ್ತದೆ. ಕರ್ನಾಟಕದ್ದಾದರೆ 29ರಿಂದ ಶುರು. ಆ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಅಂಗಡಿ ಯಾರ ಹೆಸರಲ್ಲಿದೆ, ಮಾಮೂಲಿ ತೆರಿಗೆದಾರರೋ ಕಾಂಪೊಸಿಷನ್ ಸ್ಕೀಮಿನವರೋ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ತೆರಿಗೆ ಪದ್ಧತಿ) ಅಂತ ಯಾರು ಬೇಕಾದರೂ ನೋಡಬಹುದು. ಕಾಂಪೊಸಿಷನ್‌ನಲ್ಲಿ ಇರುವವರು ಗ್ರಾಹಕರಿಂದ ಜಿಎಸ್‌ಟಿ ವಸೂಲಿ ಮಾಡುವ ಹಾಗಿಲ್ಲ. ಅವರು ಬಿಲ್‌ನಲ್ಲಿ ಶೇ. 5 ಸೇರಿಸಿದ್ದರೆ ಅದು ತಪ್ಪು. ಸಣ್ಣ ಅಂಗಡಿಗಳಲ್ಲಿ ಇದನ್ನು ನೋಡಲೇಬೇಕು.

ಇನ್ನೊಂದು, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ಅಂಗಡಿಗೆ ಕೊಡುವ ಪರವಾನಗಿ ಅಥವಾ ನೋಂದಣಿ ಸಂಖ್ಯೆ. 2022ರ ಜನವರಿ 1ರಿಂದ ಬಿಲ್ ಮೇಲೆ ಇದು ಇರಲೇಬೇಕು.

ಸರ್ವಿಸ್ ಚಾರ್ಜ್ ಹಾಕಿದ್ದಾರೆ. ಕೊಡಬೇಕಾ?

ಇಷ್ಟ ಇದ್ದರೆ ಕೊಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ತಾನಾಗಿ ಬಿಲ್‌ಗೆ ಸೇರಿಸುವ ಹಾಗಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಈ ಮಾರ್ಗಸೂಚಿಯನ್ನು ಎತ್ತಿಹಿಡಿದಿದೆ. ತೆಗೆಯಲು ಹೇಳಿ.

ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗಲ್ಲ ಅನ್ನುತ್ತಾರೆ.

ಆಗುತ್ತದೆ. ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬೇಡಿ ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ. "ನಂಬರ್ ಇಲ್ಲದೆ ಮಾಡಿ" ಅಂತ ಹೇಳಿ ಸುಮ್ನೆ ನಿಂತುಕೊಳ್ಳಿ.

10 ರೂಪಾಯಿ ನಾಣ್ಯ ತಗೊಳ್ಳಲ್ಲ. ಚಿಲ್ಲರೆ ಬದಲು ಚಾಕೊಲೇಟ್ ಕೊಡುತ್ತಾರೆ.

10 ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ರೂಪಾಯಿ ಗುರುತು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಚಾಕೊಲೇಟ್ ಬೇಡ ಅಂದರೆ ಬೇಡ.

ಯುಪಿಐನಲ್ಲಿ ದುಡ್ಡು ಕಟ್ ಆಯಿತು. ಅಂಗಡಿಯವರು ಬಂದಿಲ್ಲ ಅನ್ನುತ್ತಾರೆ. ಇನ್ನೊಂದು ಸಲ ಕೊಡಬೇಕಾ?

ಮೊದಲು ನಿಮ್ಮ ಆಪ್‌ನಲ್ಲಿ ಏನು ಬಂದಿದೆ ನೋಡಿ. ಯಶಸ್ವಿ ಅಂತ ಬಂದಿದ್ದರೆ 12 ಅಂಕಿಯ ಉಲ್ಲೇಖ ಸಂಖ್ಯೆಯನ್ನು ತೋರಿಸಿ, ಅವರ ಕಡೆ ಖಾತೆಯ ವಿವರ ನೋಡಲು ಹೇಳಿ. ಕೌಂಟರ್ ಮೇಲಿನ ಸ್ಪೀಕರ್ ಕೂಗಲಿಲ್ಲ ಅಂದ ಮಾತ್ರಕ್ಕೆ ದುಡ್ಡು ಬಂದಿಲ್ಲ ಅಂತ ಅಲ್ಲ. ಪೆಂಡಿಂಗ್ ಅಂತ ಇದ್ದರೆ ಬೇರೆ ರೀತಿಯಲ್ಲಿ ಕೊಟ್ಟು, ಎರಡರ ದಾಖಲೆಯನ್ನೂ ಇಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಖಾತೆಯಿಂದ ಹೋಗಿ ಅಂಗಡಿಗೆ ಖಾತ್ರಿಯಾಗದ ದುಡ್ಡು ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಕೇಳಬೇಕಾದ್ದು ಬ್ಯಾಂಕನ್ನು. ಅಂಗಡಿ ಹುಡುಗನನ್ನು ಹಿಡಿದು ಪ್ರಯೋಜನ ಇಲ್ಲ.

ಒಂದು ತಗೊಂಡರೆ ಒಂದು ಫ್ರೀ ಅಂತ ಬೋರ್ಡ್ ಇದೆ. ಒಳಗೆ ಹೋದರೆ "ಮುಗಿದಿದೆ" ಅನ್ನುತ್ತಾರೆ.

ಬೋರ್ಡ್‌ನ ಫೋಟೊ ತೆಗೆಯಿರಿ, ಕೆಳಗಿನ ಸಣ್ಣ ಅಕ್ಷರಗಳೂ ಕಾಣುವ ಹಾಗೆ. ಜನರನ್ನು ಒಳಗೆ ಎಳೆಯುವುದಕ್ಕೆ ಮಾತ್ರ ಆಫರ್ ಹಾಕಿ, ಕೊಡುವ ಉದ್ದೇಶವೇ ಇಲ್ಲದಿದ್ದರೆ ಅದು ದಾರಿ ತಪ್ಪಿಸುವ ಜಾಹೀರಾತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಜೂನ್‌ನ ಮಾರ್ಗಸೂಚಿಯಲ್ಲಿ ಇಂಥ ಗಾಳದ ಜಾಹೀರಾತಿನ ಬಗ್ಗೆ ಸ್ಪಷ್ಟವಾಗಿ ಬರೆದಿದ್ದಾರೆ. ಸ್ಟಾಕ್ ಕಡಿಮೆ ಇದ್ದರೆ ಅದನ್ನೂ ಜಾಹೀರಾತಿನಲ್ಲೇ ಹೇಳಬೇಕು.

ಸ್ಯಾಂಡ್‌ವಿಚ್‌ನಲ್ಲಿ ಹುಳ ಬಂತು. ಅಥವಾ ತಿಂದು ಹೊಟ್ಟೆ ಕೆಟ್ಟಿತು. ಆಗ?

ಹೊಟ್ಟೆ ಕೆಟ್ಟಿದ್ದರೆ ಮೊದಲು ಡಾಕ್ಟರ್. ದೂರು ಆಮೇಲೆ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಅಂತ ಡಾಕ್ಟರ್‌ಗೆ ಹೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ಮಕ್ಕಳಿಗೆ, ವಯಸ್ಸಾದವರಿಗೆ ಆಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಉಳಿದ ಚೂರು ಇದ್ದರೆ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ.

ಹುಳ, ಕೂದಲು, ಪ್ಲಾಸ್ಟಿಕ್ ಚೂರು ಸಿಕ್ಕಿದ್ದರೆ ಅಂಗಡಿಯವರ ಕೈಗೆ ಕೊಡುವ ಮೊದಲು ಫೋಟೊ ತೆಗೆಯಿರಿ. "ಕೊಡಿ, ನೋಡ್ತೀವಿ" ಅಂತ ಒಳಗೆ ತೆಗೆದುಕೊಂಡು ಹೋದದ್ದು ವಾಪಸ್ ಬರುವುದಿಲ್ಲ.

ದೂರು ಹೋಗಬೇಕಾದ್ದು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ. ಫುಡ್ ಸೇಫ್ಟಿ ಕನೆಕ್ಟ್ ಅನ್ನುವ ಆಪ್‌ನಲ್ಲಿ ಫೋಟೊ ಸಮೇತ ಹಾಕಬಹುದು. 1800-112-100ಕ್ಕೂ ಫೋನ್ ಮಾಡಬಹುದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ, ಆಹಾರದಲ್ಲಿ ಇರಬಾರದ ವಸ್ತು ಸಿಕ್ಕರೆ 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಕೊಳಕು ಜಾಗದಲ್ಲಿ ತಯಾರಿಸಿದ್ದಕ್ಕೂ ಅಷ್ಟೇ. ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸುವ ಹಕ್ಕು ಕೊಂಡವರಿಗೂ ಉಂಟು ಅಂತ 40ನೇ ಸೆಕ್ಷನ್ ಹೇಳುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮನೆಗೆ ತರಿಸಿದ್ದರಲ್ಲಿ ಒಂದು ಐಟಂ ಇಲ್ಲ. ಅಂಗಡಿಯವರು ಆಪ್ ಕಡೆ ತೋರಿಸುತ್ತಾರೆ, ಆಪ್‌ನವರು ಅಂಗಡಿ ಕಡೆ.

ನೀವು ದುಡ್ಡು ಕೊಟ್ಟದ್ದು ಆಪ್‌ಗೆ. ಮೊದಲು ಅಲ್ಲೇ ಹಿಡಿಯಿರಿ. ಪೊಟ್ಟಣ ಬಿಚ್ಚುವ ಮೊದಲು ಸೀಲ್ ಫೋಟೊ, ಬಿಚ್ಚಿದ ಮೇಲೆ ಒಳಗಿನದ್ದರ ಫೋಟೊ ತೆಗೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿಗಳಿಗೆ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಚಾಟ್‌ನಲ್ಲಿ ಬರುವ ಯಂತ್ರದ ಉತ್ತರಕ್ಕೆ ತೃಪ್ತಿಪಡದೆ ಆ ಅಧಿಕಾರಿಯ ಇಮೇಲ್ ಹುಡುಕಿ ಬರೆಯಿರಿ.

ದೊಡ್ಡ ಬ್ರ್ಯಾಂಡ್ ಹೆಸರಿನ ಅಂಗಡಿ. ದೂರು ಯಾರ ಮೇಲೆ ಕೊಡಬೇಕು?

ಬಿಲ್‌ನ ತಲೆಯಲ್ಲಿರುವ ಹೆಸರು ನೋಡಿ. ಬೋರ್ಡ್ ಮೇಲಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ ಕಾಣಬಹುದು. ಫ್ರಾಂಚೈಸಿ, ಅಂದರೆ ಬ್ರ್ಯಾಂಡ್ ಹೆಸರಲ್ಲಿ ಅಂಗಡಿ ನಡೆಸುವ ಅನುಮತಿ ಪಡೆದ ಇಲ್ಲಿನವರ ಸಂಸ್ಥೆಯ ಹೆಸರು ಅಲ್ಲಿರುತ್ತದೆ. ಪತ್ರವನ್ನು ಅವರಿಗೂ ಕಳಿಸಿ, ಬ್ರ್ಯಾಂಡ್ ಕಂಪನಿಗೂ ಕಳಿಸಿ. "ನಾವು ಬರೀ ಹೆಸರು ಕೊಟ್ಟಿದ್ದೀವಿ" ಅಂತ ಕಂಪನಿ ಹೇಳಬಹುದು, ಆದರೆ ನೀವು ಒಳಗೆ ಹೋದದ್ದು ಆ ಹೆಸರು ನೋಡಿಯೇ ಅಲ್ವಾ? ಮೇಲಿನವರಿಗೆ ಪ್ರತಿ ಹೋದರೆ ಕೆಳಗೆ ಕೆಲಸ ಬೇಗ ನಡೆಯುತ್ತದೆ.

ಪತ್ರ ಹೇಗೆ ಬರೆಯುವುದು?

ಉದ್ದ ಬೇಡ, ಬೈಗುಳ ಬೇಡ. ಈ ಥರ ಇದ್ದರೆ ಸಾಕು:

"ಮಾನ್ಯರೇ, ದಿನಾಂಕ … ರಂದು ಸಂಜೆ … ಗಂಟೆಗೆ ನಿಮ್ಮ ದಾವಣಗೆರೆ ಅಂಗಡಿಯಲ್ಲಿ ಬಿಲ್ ನಂಬರ್ … ರಂತೆ … ರೂಪಾಯಿ ಕೊಟ್ಟು ಸಸ್ಯಾಹಾರಿ ಸ್ಯಾಂಡ್‌ವಿಚ್ ತೆಗೆದುಕೊಂಡೆ. ಅದರಲ್ಲಿ ಚಿಕನ್ ಚೂರು ಇತ್ತು. ತಕ್ಷಣ ಕೌಂಟರ್‌ನಲ್ಲಿ ತಿಳಿಸಿದೆ. ಬದಲಿಸಿ ಕೊಡಲು, ದುಡ್ಡು ವಾಪಸ್ ಕೊಡಲು ಎರಡಕ್ಕೂ ಒಪ್ಪಲಿಲ್ಲ. ಬಿಲ್ ಮತ್ತು ಫೋಟೊ ಜೊತೆಗಿವೆ. 15 ದಿನದೊಳಗೆ ದುಡ್ಡು ವಾಪಸ್ ಮಾಡಿ, ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಅಂತ ಬರವಣಿಗೆಯಲ್ಲಿ ತಿಳಿಸಿ. ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ."

ಗ್ರಾಹಕ ಆಯೋಗ ಅಂದರೆ ಗ್ರಾಹಕರ ದೂರುಗಳನ್ನು ವಿಚಾರಣೆ ಮಾಡುವ ಕೋರ್ಟಿನಂಥ ಸಂಸ್ಥೆ. ಪತ್ರವನ್ನು ಇಮೇಲ್ ಮಾಡಿ, ಅಂಚೆಯಲ್ಲೂ ರಿಜಿಸ್ಟರ್ ಮಾಡಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

1915ಕ್ಕೆ ಫೋನ್ ಮಾಡಿದರೆ ಏನಾದರೂ ಆಗುತ್ತಾ?

ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೂ ಮಾತಾಡಬಹುದು. ಅವರು ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ. ಕೋರ್ಟಿನ ಹಾಗೆ ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಅಲ್ಲಿಂದ ಶುರು ಮಾಡಿ ಅಂತಲೇ ನಾನು ಹೇಳುತ್ತೇನೆ. ದೊಡ್ಡ ಕಂಪನಿಗಳು ಇದಕ್ಕೆ ಬೇಗ ಓಗೊಡುತ್ತವೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

250 ರೂಪಾಯಿಗೆ ಯಾರು ಗ್ರಾಹಕ ಆಯೋಗಕ್ಕೆ ಹೋಗುತ್ತಾರೆ?

3 ರೂಪಾಯಿಗೆ ಹೋದವರಿದ್ದಾರೆ. ಚಂಡೀಗಢದಲ್ಲಿ ಒಬ್ಬ ಗ್ರಾಹಕರು, ಚಪ್ಪಲಿ ಅಂಗಡಿಯಲ್ಲಿ ಕಾಗದದ ಚೀಲಕ್ಕೆ 3 ರೂಪಾಯಿ ಹಾಕಿದ್ದಕ್ಕೆ ಆಯೋಗಕ್ಕೆ ಹೋದರು. 2019ರಲ್ಲಿ ಕಂಪನಿ ಒಟ್ಟು 9,000 ರೂಪಾಯಿ ಕಟ್ಟಬೇಕು ಅಂತ ಆದೇಶ ಆಯಿತು.

ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ದರೆ ದೂರಿಗೆ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ, ನೀವೇ ವಾದ ಮಾಡಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಘಟನೆ ನಡೆದು 2 ವರ್ಷದೊಳಗೆ ಕೊಡಬೇಕು. ಎದುರು ಪಾರ್ಟಿಗೆ ನೋಟಿಸ್ ತಲುಪಿದ 3 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ, ಅದಕ್ಕಿಂತ ಜಾಸ್ತಿ ಹಿಡಿಯುವುದೂ ಉಂಟು. ಅದಕ್ಕೇ ಸಣ್ಣಪುಟ್ಟದ್ದಕ್ಕೆ ಕೌಂಟರ್, ಪತ್ರ, 1915 ಈ ಮೂರೂ ಮುಗಿದ ಮೇಲೆ ಹೋಗಿ. ಸಸ್ಯಾಹಾರಿಗಳಿಗೆ ಮಾಂಸ ಕೊಟ್ಟದ್ದು, ಆಸ್ಪತ್ರೆ ಸೇರುವಂತಾದದ್ದು ಇಂಥದ್ದಕ್ಕೆ ಮಾತ್ರ ಹಿಂದೆ ಮುಂದೆ ನೋಡಬೇಡಿ.

ಆನ್‌ಲೈನ್ ರಿವ್ಯೂ ಬರೆಯಬಹುದಾ? ವಿಡಿಯೊ ಹಾಕಬಹುದಾ?

ರಿವ್ಯೂ ಧಾರಾಳವಾಗಿ ಬರೆಯಿರಿ. ನಡೆದದ್ದನ್ನು ನಡೆದ ಹಾಗೆ, ದಿನ, ಹೊತ್ತು, ತಗೊಂಡ ಐಟಂ ಸಮೇತ ಬರೆಯಿರಿ. "ಕಳ್ಳರು", "ಮೋಸಗಾರರು" ಅಂತ ಬರೆದರೆ ಮಾನಹಾನಿಯ ತಂಟೆ ನಿಮ್ಮ ತಲೆಗೇ ಬರಬಹುದು. ಅಂಗಡಿಯವರು ಸರಿ ಮಾಡಿಕೊಟ್ಟರೆ ಅದನ್ನೂ ಸೇರಿಸಿ. ಅದು ನ್ಯಾಯ.

ಸಿಬ್ಬಂದಿಯ ಮುಖ ಕಾಣುವ ವಿಡಿಯೊ ಹಾಕುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಇಪ್ಪತ್ತು ವರ್ಷದ ಹುಡುಗಿ ಒಂದು ಕೆಟ್ಟ ಸಂಜೆ ಸಿಡುಕಿದ್ದನ್ನು ಊರಿಗೆಲ್ಲ ಹಂಚಿದರೆ, ಅವಳ ಮನೆಯವರು, ಬೀದಿಯವರು, ಕಾಲೇಜಿನವರು ಎಲ್ಲರೂ ನೋಡುತ್ತಾರೆ. ಸ್ಯಾಂಡ್‌ವಿಚ್ ತಪ್ಪಾದದ್ದಕ್ಕೆ ಅಷ್ಟು ದೊಡ್ಡ ಶಿಕ್ಷೆ ಬೇಕಾಗಿಲ್ಲ. ಬಿಲ್, ಬ್ರೆಡ್, ಬೋರ್ಡ್ ಇವುಗಳ ಫೋಟೊ ಸಾಕು.

ದೂರು ಕೊಟ್ಟರೆ ಆ ಹುಡುಗನ ಕೆಲಸ ಹೋಗುತ್ತೇನೋ ಅಂತ ಭಯ.

ಈ ಭಯದಿಂದಲೇ ಎಷ್ಟೋ ಒಳ್ಳೆಯ ಜನ ಸುಮ್ಮನಾಗುತ್ತಾರೆ. ಆ ಕರುಣೆ ಇರಲಿ, ಆದರೆ ದೂರಿನ ದಿಕ್ಕು ಬದಲಿಸಿ.

ಸಂಜೆ ಏಳರ ರಷ್‌ನಲ್ಲಿ ಗಾಜಿನ ಆಚೆ ನೋಡಿ. ಬ್ರೆಡ್ ಕೊಯ್ಯುವವನು, ಓವನ್ ನೋಡುವವನು, ಬಿಲ್ ಮಾಡುವವನು, ಆಪ್ ಆರ್ಡರ್ ಪ್ಯಾಕ್ ಮಾಡುವವನು, ಒರೆಸುವವನು ಎಲ್ಲಾ ಒಬ್ಬನೇ. ಬೆಳಗ್ಗೆ ಕಾಲೇಜಿಗೆ ಹೋಗಿ ಬಂದಿರುತ್ತಾನೆ. ಗ್ಲೌಸ್ ಪ್ಯಾಕೆಟ್ ಖಾಲಿ ಆದರೆ ತರಿಸುವ ಅಧಿಕಾರ ಅವನಿಗಿಲ್ಲ. ದುಡ್ಡು ವಾಪಸ್ ಕೊಡುವ ಅಧಿಕಾರವೂ ಇಲ್ಲ, ಕೊಟ್ಟರೆ ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ ಅನ್ನುವ ಹೆದರಿಕೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇಂಥವರಿಗೂ ಕೆಲಸದ ಗಂಟೆಗೆ ಮಿತಿ ಹಾಕಿದೆ, ವಾರಕ್ಕೊಂದು ರಜೆ ಕೊಟ್ಟಿದೆ. ಅದು ಸಿಗುತ್ತಿದೆಯಾ ಅಂತ ಕೇಳಿದರೆ ಅವನು ಉತ್ತರ ಹೇಳಲಾರ.

ಹಾಗಾಗಿ ಪತ್ರದಲ್ಲಿ ಹುಡುಗನ ಹೆಸರು ಬರೆಯಬೇಡಿ. "ರಷ್ ಹೊತ್ತಿನಲ್ಲಿ ಒಬ್ಬರೇ ಇದ್ದರು, ದುಡ್ಡು ಮುಟ್ಟಿದ ಕೈಯಲ್ಲೇ ಮಾಡಬೇಕಾಯಿತು, ಇನ್ನೊಬ್ಬರನ್ನು ಹಾಕಿ" ಅಂತ ಮಾಲೀಕರಿಗೆ ಬರೆಯಿರಿ. ಅದರಿಂದ ನಿಮಗೂ ಒಳ್ಳೆಯದು, ಅವನಿಗೂ ಒಳ್ಳೆಯದು. ಬೇಕಂತಲೇ ಅವಮಾನ ಮಾಡಿದ್ದರೆ, ಜಾತಿ ಎತ್ತಿ ಮಾತಾಡಿದ್ದರೆ, ಹೆಣ್ಣುಮಕ್ಕಳ ಜೊತೆ ಅಸಭ್ಯವಾಗಿ ನಡೆದುಕೊಂಡಿದ್ದರೆ ಮಾತೇ ಬೇರೆ. ಅದಕ್ಕೆ ಪೊಲೀಸ್ ಇದ್ದಾರೆ, ಕರುಣೆ ಬೇಡ.

ನಾನು ಚಿತ್ರದುರ್ಗದವಳು. ದಾವಣಗೆರೆಯಲ್ಲಿ ತಿಂದದ್ದಕ್ಕೆ ಅಲ್ಲಿಗೇ ಬಂದು ಕೇಸ್ ಹಾಕಬೇಕಾ?

ಬೇಡ. 2019ರ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಈಗ ಎರಡೂ ಕಡೆ ಬೇರೆ ಬೇರೆ ಆಯೋಗಗಳಿವೆ. ನೀವು ಚಿತ್ರದುರ್ಗದಲ್ಲೇ ಕೊಡಿ, ಅಂಗಡಿಯವರು ಅಲ್ಲಿಗೆ ಬರುತ್ತಾರೆ. ಹೊಳಲ್ಕೆರೆ, ಹಿರಿಯೂರಿನವರಿಗೂ ಚಿತ್ರದುರ್ಗವೇ. ಹರಿಹರ, ಚನ್ನಗಿರಿ, ಹೊನ್ನಾಳಿಯವರು ದಾವಣಗೆರೆಗೆ ಕೊಡಬೇಕು.